ಯೆಶಾಯನ ‘ಕನ್ಯೆ’: ಒಂದು ಪ್ರವಾದನೆಯನ್ನು ಓದುವ ಹಲವು ಬಗೆ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ಬೈಬಲ್ ಸಪ್ತಾಹದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಉಪನ್ಯಾಸದ ಲಿಖಿತ ರೂಪ)



ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕೆ ಅಸ್ತಿಭಾರ ಹಾಕಿದವರು ಯಾರು, ಗೋಡೆ ಎಬ್ಬಿಸಿದವರು ಯಾರು, ಗಂಟೆ ಎಲ್ಲಿಂದ ಬಂದಿತು ಎಂಬುದನ್ನೆಲ್ಲ ಬಲ್ಲವರು ಈ ಸಪ್ತಾಹದಲ್ಲಿ ಹೇಳಿದ್ದಾರೆ, ಇನ್ನೂ ಹೇಳಲಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ದೇವರ ವಾಕ್ಯದ ಒಂದು ಸಣ್ಣ ತುಣುಕು: ಪ್ರವಾದಿ ಯೆಶಾಯನ ಗ್ರಂಥದ ಏಳನೆಯ ಅಧ್ಯಾಯದ ಹದಿನಾಲ್ಕನೆಯ ವಚನ. ಹೆಣ್ಣುಮಗಳೊಬ್ಬಳು ಗರ್ಭ ಧರಿಸಿ ಗಂಡುಮಗುವನ್ನು ಹೆರುವಳು, ಆ ಮಗುವಿಗೆ ಇಮ್ಮಾನುವೇಲ್, ಅಂದರೆ ದೇವರು ನಮ್ಮೊಡನಿದ್ದಾರೆ ಎಂಬ ಹೆಸರು ಬರುವುದು ಎಂಬ ಆ ಪ್ರವಾದನೆಯನ್ನು ಮಾರ್ಚ್ 25ರ ಮಂಗಳವಾರ್ತೆಯ ಹಬ್ಬದಂದು ಬಲಿಪೂಜೆಯಲ್ಲಿ ಕೇಳುತ್ತೇವೆ. ಆ ಹೆಣ್ಣುಮಗಳು ‘ಕನ್ಯೆ’ಯೋ ‘ಯುವತಿ’ಯೋ ಎಂಬ ಒಂದು ಮಾತಿಗಾಗಿ ಕ್ರೈಸ್ತರು ಯೆಹೂದ್ಯರೊಡನೆ, ಆಮೇಲೆ ಕ್ರೈಸ್ತರು ಕ್ರೈಸ್ತರೊಡನೆ, ಸಾವಿರದೆಂಟುನೂರು ವರ್ಷಗಳಿಗೂ ಮೇಲ್ಪಟ್ಟು ವಾದಿಸಿದ್ದಾರೆ.

ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ನಮಗೊಂದು ಕಾರಣವಿದೆ. ಅದನ್ನು ಮುಚ್ಚಿಡುವುದಿಲ್ಲ.

ನಮ್ಮ ಹಿರಿಯ ಉಪದೇಶಿಯೊಬ್ಬರಿದ್ದರು. ಹೆಸರು ಹೇಳುವುದು ಬೇಡ, ನಿಮ್ಮಲ್ಲಿ ಅನೇಕರಿಗೆ ಜ್ಞಾನೋಪದೇಶ ಕಲಿಸಿದವರು ಅವರೇ. ಹಿರೇಕೆರೂರಿನ ಕಡೆಯ ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ಹೋಗಿ, ಹೊಲದಿಂದ ಜನ ಬರುವ ತನಕ ಕಟ್ಟೆಯ ಮೇಲೆ ಕಾದು ಕುಳಿತು, ಕಂದೀಲಿನ ಬೆಳಕಿನಲ್ಲಿ ಜಪಸರ ಮಾಡಿಸಿದವರು. ಒಮ್ಮೆ ಅವರ ಮನೆಯ ಗೃಹಪ್ರವೇಶಕ್ಕೆ ಹುಬ್ಬಳ್ಳಿಯ ಕಡೆಯ ಬೀಗರು ಬಂದಿದ್ದರು. ಬೀಗರು ಸಿ.ಎಸ್.ಐ. ಸಭೆಯವರು. ಬೆಂಗಳೂರಿನಲ್ಲಿ ಓದುವ ಮೊಮ್ಮಗನು ಮೊಬೈಲಿನಲ್ಲಿ ಅಮೇರಿಕದ ಕಥೋಲಿಕ ಬೈಬಲನ್ನು ತೆರೆದು ಈ ವಚನವನ್ನು ಓದಿದನಂತೆ. ಅದರಲ್ಲಿ ‘ಯುವತಿ’ ಎಂದಿದ್ದಿತು. ಬೀಗರು ತಮ್ಮ ಇಂಗ್ಲಿಷ್ ಬೈಬಲನ್ನು ತೆರೆದರು, ಅದರಲ್ಲಿ ‘ಕನ್ಯೆ’ ಎಂದಿದ್ದಿತು. “ಮರಿಯಮ್ಮನ ಮೂರ್ತಿ ಇಟಗೊಂಡವರೂ ನೀವು, ಕನ್ಯೆ ಅನ್ನೂ ಮಾತು ಬಿಟ್ಟವರೂ ನೀವು!” ಎಂದು ಬೀಗರು ನಗೆಯಾಡಿದರು. ಎಲ್ಲರೂ ನಕ್ಕರು, ಉಪದೇಶಿಗಳು ಮಾತ್ರ ನಗಲಿಲ್ಲ.

ಮರುದಿನ ಭಾನುವಾರ. ಬಲಿಪೂಜೆ ಮುಗಿಸಿ, ಇನ್ನೊಂದು ಊರಿನ ಪೂಜೆಗೆ ಹೊತ್ತಾಯಿತೆಂದು ನಾವು ಮೋಟಾರ್ ಸೈಕಲ್ ಹತ್ತುವುದರಲ್ಲಿದ್ದಾಗ ಅವರು ಬಂದು ನಿಂತು ಕೇಳಿದರು: “ಫಾದರ್, ನಾ ಇಷ್ಟ ವರ್ಷ ಮಂದಿಗೆ ಹೇಳಿದ್ದು ಸುಳ್ಳಾತೇನ್ರಿ?” ಅದೆಲ್ಲ ಭಾಷಾಂತರದ ಸೂಕ್ಷ್ಮ, ಪಂಡಿತರ ವಿಷಯ, ಚಿಂತೆ ಬೇಡ, ಮುಂದಿನ ವಾರ ಕುಳಿತು ಮಾತಾಡೋಣ ಎಂದು ಹೇಳಿ ನಾವು ಹೊರಟುಹೋದೆವು. ಮುಂದಿನ ವಾರ ಅವರು ಜ್ವರದಿಂದ ಮಲಗಿದ್ದರು. ಅನಂತರ ನಾವು ಅವರ ಬಳಿಗೆ ಹೋದದ್ದು ವ್ಯಾಧಿಸ್ಥರ ಅಭ್ಯಂಗವನ್ನು ಕೊಡಲಿಕ್ಕೆ. ಆ ಹೊತ್ತಿನಲ್ಲಿ ಹೀಬ್ರೂ ಭಾಷೆಯ ಮಾತು ಎತ್ತುವಂತಿರಲಿಲ್ಲ. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮ್ಮೆದುರಿಗೆ ಕೊಡುತ್ತಿದ್ದೇವೆ.

ಮೊದಲು ಆ ಮಾತು ಎಲ್ಲಿ ನುಡಿಯಲ್ಪಟ್ಟಿತೆಂಬುದನ್ನು ನೋಡೋಣ. ಕ್ರಿಸ್ತಪೂರ್ವ 735ರ ಸುಮಾರು. ಯೆರೂಸಲೇಮಿನಲ್ಲಿ ದಾವೀದನ ವಂಶದ ಆಹಾಜನು ಅರಸನು. ದಮಸ್ಕದ ಅರಸ ರೆಚೀನನೂ ಇಸ್ರಯೇಲಿನ ಅರಸ ಪೆಕಹನೂ ಒಂದಾಗಿ ಅವನ ಮೇಲೆ ದಂಡೆತ್ತಿ ಬಂದಿದ್ದಾರೆ. ಸುದ್ದಿ ಕೇಳಿ ಅರಸನ ಎದೆಯೂ ಪ್ರಜೆಗಳ ಎದೆಯೂ ಗಾಳಿಗೆ ಸಿಕ್ಕ ಅಡವಿಯ ಮರಗಳಂತೆ ನಡುಗಿದವು. ಆಗ ಯೆಶಾಯನು ಅರಸನನ್ನು ಕಂಡದ್ದು ಎಲ್ಲಿ? ಅರಮನೆಯಲ್ಲಲ್ಲ, ದೇವಾಲಯದಲ್ಲೂ ಅಲ್ಲ. ಮೇಲಣ ಕೆರೆಯ ಕಾಲುವೆಯ ತುದಿಯಲ್ಲಿ, ಅಗಸರ ಹೊಲಕ್ಕೆ ಹೋಗುವ ದಾರಿಯಲ್ಲಿ. ಈ ವಿವರವು ನಮ್ಮ ಭಾಗದವರಿಗೆ ಹೆಚ್ಚು ಅರ್ಥವಾಗಬೇಕು. ಊರಿಗೆ ಮುತ್ತಿಗೆ ಬೀಳುವುದೆಂದರೆ ಮೊದಲು ನೋಡಬೇಕಾದುದು ನೀರನ್ನು. ಹಿರೇಕೆರೂರಿಗೆ ಹೆಸರು ಬಂದುದೇ ಹಿರಿಯ ಕೆರೆಯಿಂದ. ಹಾನಗಲ್ಲಿಗೆ ಆನೆಕೆರೆಯಿದೆ, ಸವಣೂರಿಗೆ ಮೋತಿ ತಲಾಬಿದೆ. ಹಾನಗಲ್ಲಿನ ವೀರಗಲ್ಲುಗಳನ್ನು ಕಂಡವರಿಗೆ ಮುತ್ತಿಗೆಯೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಆಹಾಜನು ಕೆರೆಯ ನೀರು ಎಷ್ಟು ದಿನ ಬಂದೀತೆಂದು ಲೆಕ್ಕ ಹಾಕುತ್ತ ನಿಂತಿದ್ದನೆಂದು ನಮ್ಮ ಊಹೆ. ಅಲ್ಲಿಗೆ ಪ್ರವಾದಿ ತನ್ನ ಚಿಕ್ಕ ಮಗನ ಕೈ ಹಿಡಿದುಕೊಂಡು ಬಂದನು.

ಅವನು ಹೇಳಿದ್ದು ಇಷ್ಟು: ಹೆದರಬೇಡ, ಈ ಇಬ್ಬರೂ ಹೊಗೆಯಾಡುವ ಕೊಳ್ಳಿಯ ತುಂಡುಗಳು. ದೇವರನ್ನು ಒಂದು ಗುರುತು ಕೇಳಿಕೋ. ಅರಸನು ಬಹು ಭಕ್ತಿಯಿಂದ, ದೇವರನ್ನು ಪರೀಕ್ಷಿಸಲಾರೆ ಎಂದನು. ಕೇಳಲು ಚಂದವಾದ ಮಾತು. ಆದರೆ ಅವನು ದೇವಾಲಯದ ಬೆಳ್ಳಿಬಂಗಾರವನ್ನು ಅಸ್ಸೀರಿಯದ ಚಕ್ರವರ್ತಿ ತಿಗ್ಲತ್ ಪಿಲೆಸೆರನಿಗೆ ಕಳುಹಿಸಿ ಅವನ ಸಹಾಯ ಬೇಡಿದನೆಂಬುದನ್ನು ಅರಸುಗಳ ಗ್ರಂಥವು ತಿಳಿಸುತ್ತದೆ. ಹೀಗೆ ಅರಸನು ಕೇಳದಿದ್ದಾಗ ದೇವರು ತಾವಾಗಿಯೇ ಕೊಟ್ಟ ಗುರುತು ಇಮ್ಮಾನುವೇಲ್. ಆ ಮಗುವು ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಆರಿಸುವ ವಯಸ್ಸಿಗೆ ಬರುವ ಮುನ್ನವೇ ಆ ಇಬ್ಬರು ಅರಸರ ನಾಡು ಪಾಳುಬೀಳುವುದು ಎಂದನು ಯೆಶಾಯ. ಹಾಗೆಯೇ ಆಯಿತು. ಕ್ರಿ.ಪೂ. 732ರಲ್ಲಿ ದಮಸ್ಕ ಬಿದ್ದಿತು, 722ರಲ್ಲಿ ಸಮಾರಿಯವೂ ಬಿದ್ದಿತು.

ಪ್ರವಾದನೆಯೆಂದರೆ ಕಾರಣಿಕವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಹಾನವಮಿಯ ಕಾಲಕ್ಕೂ ಹೊಳೆಯಾಚೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲೂ ಉಪವಾಸವಿದ್ದ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿ ಜನವನ್ನು ಸುಮ್ಮನಾಗಿಸಿ ಒಂದೇ ವಾಕ್ಯ ನುಡಿಯುತ್ತಾನೆ. ಆ ವಾಕ್ಯವನ್ನು ರೈತನು ಮಳೆಗೆ ಹೊಂದಿಸಿಕೊಳ್ಳುತ್ತಾನೆ, ವ್ಯಾಪಾರಿಯು ಧಾರಣೆಗೆ, ರಾಜಕಾರಣಿಯು ಕುರ್ಚಿಗೆ. ನೆರೆಹೊರೆಯವರ ನಂಬಿಕೆಯ ಬಗ್ಗೆ ನಾವು ಹಗುರವಾಗಿ ಮಾತಾಡುವವರಲ್ಲ. ಆದರೆ ಯೆಶಾಯನ ಮಾತಿನ ಬಗೆ ಬೇರೆ. ಅದಕ್ಕೊಂದು ವಿಳಾಸವಿತ್ತು, ಅದನ್ನು ಕೇಳಿಸಿಕೊಂಡ ಒಬ್ಬ ಅಂಜುಬುರುಕ ಅರಸನಿದ್ದನು. ಏಳುನೂರು ವರ್ಷಗಳ ಅನಂತರ ನಡೆಯುವುದನ್ನಷ್ಟೇ ಹೇಳಿದ್ದರೆ, ಕೆರೆಯ ಬದಿಯಲ್ಲಿ ನಡುಗುತ್ತ ನಿಂತವನಿಗೆ ಅದರಿಂದ ಏನು ಸಮಾಧಾನ?

ಇನ್ನು ಆ ಒಂದು ಮಾತಿಗೆ ಬರೋಣ. ಹೀಬ್ರೂ ಮೂಲದಲ್ಲಿರುವ ಪದ ‘ಅಲ್ಮಾ’. ಮದುವೆಯ ವಯಸ್ಸಿಗೆ ಬಂದ ಹುಡುಗಿ ಎಂದು ಅದರ ಅರ್ಥ. ಪುರುಷ ಸಂಪರ್ಕವಿಲ್ಲದವಳು ಎಂಬುದನ್ನೇ ಒತ್ತಿ ಹೇಳಬೇಕಾದರೆ ‘ಬೆತೂಲಾ’ ಎಂಬ ಬೇರೆ ಪದವನ್ನು ಸಾಮಾನ್ಯವಾಗಿ ಬಳಸುತ್ತಾರೆ. ಹಾಗೆಂದು ಅಲ್ಮಾ ಎಂದರೆ ಕನ್ಯೆಯಲ್ಲವೆಂದೂ ಅಲ್ಲ. ಆದಿಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ ಬಾವಿಗೆ ನೀರು ತರಲು ಬಂದ ರೆಬೆಕ್ಕಳನ್ನು ಒಮ್ಮೆ ಬೆತೂಲಾ ಎಂದೂ ಇನ್ನೊಮ್ಮೆ ಅಲ್ಮಾ ಎಂದೂ ಕರೆದಿದೆ. ಕ್ರಿಸ್ತನಿಗಿಂತ ಮೊದಲೇ ಹಳೆಯ ಒಡಂಬಡಿಕೆಯನ್ನು ಗ್ರೀಕ್ ಭಾಷೆಗೆ ತಂದ ಯೆಹೂದಿ ಪಂಡಿತರು ಇಲ್ಲಿ ‘ಪಾರ್ಥೆನೊಸ್’ ಎಂದು ಬರೆದರು. ಅದು ಕನ್ಯೆ ಎಂಬುದಕ್ಕೆ ರೂಢಿಯ ಪದ. ಆದರೂ ಅದೇ ಗ್ರೀಕ್ ಅನುವಾದದಲ್ಲಿ ಶೆಕೆಮನು ಬಲಾತ್ಕರಿಸಿದ ಅನಂತರವೂ ದೀನಳನ್ನು ಪಾರ್ಥೆನೊಸ್ ಎಂದೇ ಕರೆದಿದೆ. ಅಂದರೆ ಗ್ರೀಕ್ ಪದವೂ ಪಂಡಿತರು ಕಟ್ಟಿಹಾಕಿದಷ್ಟು ಬಿಗಿಯಾಗಿರಲಿಲ್ಲ.

ಇಂಗ್ಲಿಷಿನಲ್ಲಿ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಎರಡು ಪದ ಎರಡು ದಾರಿ. ಕನ್ನಡಿಗರಾದ ನಮಗೆ, ಅದರಲ್ಲೂ ಈ ನಾಲ್ಕು ತಾಲ್ಲೂಕುಗಳವರಿಗೆ, ಅಂಥ ಇಕ್ಕಟ್ಟಿದೆಯೇ? ನಮ್ಮ ಮನೆಗಳಲ್ಲಿ ದಿನವೂ ಕೇಳುವ ಮಾತು ಏನು? ‘ಕನ್ಯಾ ನೋಡಾಕ ಹೊಂಟೀವಿ’, ‘ಕನ್ಯಾ ಗಟ್ಟಿ ಆತು’, ‘ಒಕ್ಕಲತನ ಮಾಡೂ ಹುಡುಗರಿಗೆ ಕನ್ಯಾ ಸಿಗವಲ್ಲವು’. ಈ ಕೊನೆಯ ಅಳಲನ್ನು ನಾವು ವಾರಕ್ಕೊಮ್ಮೆಯಾದರೂ ಕೇಳುತ್ತೇವೆ, ಅದಕ್ಕಾಗಿ ಪ್ರಾರ್ಥನೆಯ ಬೇಡಿಕೆಗಳೂ ಬರುತ್ತವೆ. ಹೀಗೆ ಮಾತಾಡುವಾಗ ‘ಕನ್ಯಾ’ ಎಂದರೆ ಮದುವೆಗೆ ಬಂದ ಹುಡುಗಿ, ತಂದೆಯ ಮನೆಯಲ್ಲಿರುವ ಮರ್ಯಾದಸ್ಥ ಹೆಣ್ಣುಮಗಳು, ಅಷ್ಟೇ. ಅವಳ ಕನ್ಯಾತ್ವವನ್ನು ಯಾರೂ ಸಾಧಿಸಿ ತೋರಿಸುತ್ತಿಲ್ಲ, ಯಾರೂ ಅನುಮಾನಿಸುತ್ತಲೂ ಇಲ್ಲ. ಸಂಜೆಗೆ ಅದೇ ಬಾಯಿಂದ ‘ಕನ್ಯಾಮರಿಯಮ್ಮ’ ಎಂದು ಜಪಸರದಲ್ಲಿ ಹೇಳುವಾಗ ಆ ಪದಕ್ಕೆ ಪೂರ್ತಿಯಾದ, ಬಿಗಿಯಾದ ಅರ್ಥ ಕೂಡಿಬರುತ್ತದೆ. ಪದ ಒಂದೇ, ಸಂತೆಯಲ್ಲೂ ಸಲ್ಲುತ್ತದೆ, ಪೀಠದ ಮುಂದೆಯೂ ಸಲ್ಲುತ್ತದೆ. ಯೆಶಾಯನ ಅಲ್ಮಾ ನಮ್ಮ ಬೀಗತನದ ಮಾತಿನ ಕನ್ಯಾ. ಸಂತ ಮತ್ತಾಯನ ಪಾರ್ಥೆನೊಸ್ ನಮ್ಮ ಜಪಸರದ ಕನ್ಯೆ. ಗುರುಮಠದಲ್ಲಿ ನಾವು ಈ ವಚನವನ್ನು ಇಂಗ್ಲಿಷಿನ ಪುಸ್ತಕಗಳಿಂದ ಕಲಿತೆವು. ಅವುಗಳಲ್ಲಿ ಈ ಎಳೆ ನಮಗೆ ಸಿಗಲಿಲ್ಲ. ಇಲ್ಲಿಗೆ ಬಂದ ಮೇಲೆ ನಿಶ್ಚಿತಾರ್ಥದ ಚಾಪೆಯ ಮೇಲೆ ಕುಳಿತಾಗ ಸಿಕ್ಕಿತು.

ಪರಂಪರೆಗಳು ಇದನ್ನು ಹೇಗೆ ಓದಿವೆ? ಎರಡನೆಯ ಶತಮಾನದ ನಡುವಿನಲ್ಲಿ ರಕ್ತಸಾಕ್ಷಿ ಸಂತ ಜಸ್ಟಿನರು ಟ್ರೈಫೋ ಎಂಬ ಯೆಹೂದ್ಯನೊಡನೆ ನಡೆಸಿದ ಸಂವಾದವನ್ನು ಬರೆದಿಟ್ಟಿದ್ದಾರೆ. ಮೂಲದಲ್ಲಿರುವುದು ಯುವತಿ, ಹುಟ್ಟಿದ ಮಗು ಆಹಾಜನ ಮಗನಾದ ಹಿಜ್ಕೀಯ ಎಂಬುದು ಟ್ರೈಫೋವಿನ ವಾದ. ಕನ್ಯೆಯೇ, ಮಗು ಕ್ರಿಸ್ತನೇ ಎಂಬುದು ಜಸ್ಟಿನರದು. ಬೆತ್ಲೆಹೇಮಿನಲ್ಲಿ ನೆಲೆಸಿ ಹೀಬ್ರೂ ಬಲ್ಲವರಾಗಿದ್ದ ಸಂತ ಜೆರೋಮರು ಲೆಕ್ಕ ಹಾಕಿ, ಆ ಹೊತ್ತಿಗೆ ಹಿಜ್ಕೀಯನು ಆಗಲೇ ಹುಟ್ಟಿ ಬೆಳೆಯುತ್ತಿದ್ದ ಬಾಲಕನೆಂದು ತೋರಿಸಿದರು. ಅರಸುಗಳ ಗ್ರಂಥದ ವಯಸ್ಸುಗಳನ್ನು ಕೂಡಿ ಕಳೆದರೆ ಅದು ಸರಿಯೇ. ಜೆರೋಮರ ಲತೀನ್ ಬೈಬಲಿನಲ್ಲಿ ‘ವಿರ್ಗೊ’ ಎಂದಾಯಿತು. ಪಶ್ಚಿಮದ ಧರ್ಮಸಭೆಯು ಸಾವಿರದೈನೂರು ವರ್ಷ ಅದನ್ನೇ ಓದಿತು. ಮಧ್ಯಯುಗದ ಯೆಹೂದಿ ವ್ಯಾಖ್ಯಾನಕಾರ ರಾಶಿಯು ಹಿಜ್ಕೀಯನನ್ನು ಬಿಟ್ಟು, ಆ ಯುವತಿ ಪ್ರವಾದಿಯ ಹೆಂಡತಿಯೇ ಎಂದನು. ನಮ್ಮ ಕಡೆ ಶುಂಠಿ ಬೆಳೆಯಲು ಕೇರಳದಿಂದ ಬಂದು ನೆಲೆಸಿದ ಕುಟುಂಬಗಳ ಹಿರಿಯರು ಪೂಜ್ಯವೆಂದು ಕಾಪಾಡಿಕೊಂಡು ಬಂದ ಸಿರಿಯಾಕ್ ಭಾಷೆಯ ಪೆಶೀತ್ತಾದಲ್ಲಿ ಅನುಮಾನಕ್ಕೆ ಎಡೆಯಿಲ್ಲದ ‘ಕನ್ಯೆ’ ಎಂಬ ಪದವೇ ಇದೆ. ಗ್ರೀಕ್ ಆರ್ಥೊಡಾಕ್ಸ್ ಸಭೆಗೆ ಗ್ರೀಕ್ ಅನುವಾದವೇ ಧರ್ಮಗ್ರಂಥವಾದುದರಿಂದ ಅವರಲ್ಲಿ ಈ ತಕರಾರೇ ಹುಟ್ಟಲಿಲ್ಲ.

ಪ್ರಾಟೆಸ್ಟಂಟರು ಮಾತೆ ಮರಿಯಮ್ಮನನ್ನು ಗೌರವಿಸುವುದಿಲ್ಲ, ಆದುದರಿಂದ ಕನ್ಯೆ ಎಂಬ ಮಾತನ್ನು ಅವರೇ ತೆಗೆದುಹಾಕಿದರು ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ಇದು ತಪ್ಪು. ಲೂಥರನೂ ಕಾಲ್ವಿನನೂ ರೋಮಿನಿಂದ ಎಷ್ಟೇ ದೂರ ಸರಿದರೂ ಈ ವಚನದಲ್ಲಿ ‘ಕನ್ಯೆ’ಯನ್ನು ಬಲವಾಗಿ ಸಮರ್ಥಿಸಿದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನವರು ಕನ್ಯಾಜನನವನ್ನು ನಮ್ಮಷ್ಟೇ ದೃಢವಾಗಿ ಬೋಧಿಸಿದವರು. 1952ರಲ್ಲಿ ಅಮೇರಿಕದ ಪರಿಷ್ಕೃತ ಇಂಗ್ಲಿಷ್ ಬೈಬಲಿನಲ್ಲಿ ‘ಯುವತಿ’ ಎಂದು ಅಚ್ಚಾದಾಗ ಆ ಹಾಳೆಯನ್ನು ಬಹಿರಂಗವಾಗಿ ಸುಟ್ಟವನು ಉತ್ತರ ಕ್ಯಾರೊಲಿನಾದ ಒಬ್ಬ ಬ್ಯಾಪ್ಟಿಸ್ಟ್ ಬೋಧಕ.

ಕಥೋಲಿಕರಾದ ನಮ್ಮ ಮನೆಯ ಕಥೆಯನ್ನೂ ಹೇಳಬೇಕು. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ಮೈನ್ಸ್ ನಗರದಲ್ಲಿ ಇಸೆನ್‌ಬೀಲ್ ಎಂಬ ಗುರುವು ಯೆಶಾಯನ ಈ ಮಾತು ಕ್ರಿಸ್ತನನ್ನು ಕುರಿತದ್ದೇ ಅಲ್ಲ ಎಂದು ಬೋಧಿಸಿದನು. ಬಂಧನವನ್ನೂ ಅನುಭವಿಸಿದನು. 1779ರಲ್ಲಿ ಆರನೆಯ ಪಿಯುಸ್ ಜಗದ್ಗುರುಗಳು ಅವನ ಪುಸ್ತಕವನ್ನು ಖಂಡಿಸಿದರು, ಅವನು ತಲೆಬಾಗಿದನು. ಆ ಖಂಡನೆ ಸರಿಯಾಗಿತ್ತು, ಬಂಧನ ಸರಿಯಾಗಿರಲಿಲ್ಲ ಎಂಬುದು ನಮ್ಮ ಸ್ವಂತ ಅಭಿಪ್ರಾಯ. ಮೂಲಭಾಷೆಗಳಿಂದ ಅಧ್ಯಯನ ಮಾಡಿರೆಂದು 1943ರಲ್ಲಿ ಹನ್ನೆರಡನೆಯ ಪಿಯುಸರು ಪ್ರೋತ್ಸಾಹಿಸಿದರು. ದೇವರು ಮನುಷ್ಯರ ಮೂಲಕ ಮನುಷ್ಯರ ರೀತಿಯಲ್ಲಿ ಮಾತಾಡಿದುದರಿಂದ ಬರೆದವನ ಉದ್ದೇಶವನ್ನು ಹುಡುಕಬೇಕೆಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಬೋಧಿಸಿತು. 1993ರಲ್ಲಿ ರೋಮಿನ ಬೈಬಲ್ ಆಯೋಗವು ಧರ್ಮಗ್ರಂಥದ ‘ಪೂರ್ಣಾರ್ಥ’ ಎಂದರೇನೆಂದು ವಿವರಿಸುವಾಗ ಎತ್ತಿಕೊಂಡ ಉದಾಹರಣೆಗಳಲ್ಲಿ ನಮ್ಮ ಈ ವಚನವೂ ಒಂದು: ಅಲ್ಮಾ ಎಂಬ ಮಾತಿಗೆ ಸಂತ ಮತ್ತಾಯನು ಗ್ರೀಕಿನ ಪಾರ್ಥೆನೊಸ್ ಮೂಲಕ ತುಂಬಿದ ಅರ್ಥವನ್ನು ಕಂಡನು ಎಂದು.

ಪೂರ್ಣಾರ್ಥವೆಂಬುದು ಗುರುಮಠದ ಮಾತಾಯಿತು. ಶಿಗ್ಗಾಂವಿ ತಾಲ್ಲೂಕಿನವರಿಗೆ ಅದನ್ನು ಹೇಳಿಕೊಡಲು ಶಿಶುವಿನಹಾಳದ ಷರೀಫರು ಸಾಕು. ಆ ಮಹನೀಯರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಅವರ ಮಾಳಿಗೆ ಸೋರುವ ಹಾಡನ್ನು ಅರಿಯದವರು ಈ ಭಾಗದಲ್ಲಿಲ್ಲ. ಮಳೆಗಾಲದಲ್ಲಿ ಅದನ್ನು ಕೇಳಿದ ಗೃಹಿಣಿಗೆ ತನ್ನ ಮನೆಯ ಮೇಲ್ಮುದ್ದೆಯೇ ನೆನಪಾಗುತ್ತದೆ. ಭಜನೆಗೆ ಕುಳಿತ ಸಾಧಕನಿಗೆ ತನ್ನ ದೇಹ, ತನ್ನ ಮನಸ್ಸು ನೆನಪಾಗುತ್ತದೆ. ಎರಡನೆಯ ಅರ್ಥವು ಮೊದಲನೆಯದನ್ನು ಸುಳ್ಳುಮಾಡುವುದಿಲ್ಲ. ನಿಜವಾದ ಮಾಳಿಗೆ ನಿಜವಾಗಿ ಸೋರದೆ ಹಾಡೇ ಹುಟ್ಟುತ್ತಿರಲಿಲ್ಲ. ಅಂತೆಯೇ ಆಹಾಜನ ಕಾಲದ ಒಂದು 'ಕನ್ಯಾ', ಒಂದು ಮಗು ನಿಜ. ಆ ಮಗು ಯಾರೆಂಬುದನ್ನು ಪಂಡಿತರು ಇಂದಿಗೂ ಒಮ್ಮತದಿಂದ ಹೇಳಿಲ್ಲ.

ಈಗ ಬೀಗರ ನಗೆಚಾಟಿಕೆಗೆ ಬರೋಣ. ಅವರು ಹೇಳಿದ್ದು ಸುಳ್ಳಲ್ಲ. ಅಮೇರಿಕದ ಕಥೋಲಿಕ ಬೈಬಲಿನ 1970ರ ಮುದ್ರಣದಲ್ಲಿ ‘ಕನ್ಯೆ’ ಎಂದಿದ್ದುದು 2011ರ ಪರಿಷ್ಕರಣದಲ್ಲಿ ‘ಯುವತಿ’ ಎಂದಾಯಿತು. ಆದರೆ ಅದೇ ಪುಸ್ತಕದ ಮತ್ತಾಯನ ಶುಭಸಂದೇಶದಲ್ಲಿ ಕನ್ಯೆ ಎಂದೇ ಇದೆ. ಮೊಮ್ಮಗನು ಆ ಪುಟದವರೆಗೆ ಹೋಗಲಿಲ್ಲ! ಇನ್ನೂ ಒಂದು ಸೋಜಿಗವುಂಟು. 2001ರಲ್ಲಿ ಪ್ರಾಟೆಸ್ಟಂಟ್ ಪಂಡಿತರು ಹೊರತಂದ ಒಂದು ಇಂಗ್ಲಿಷ್ ಅನುವಾದವನ್ನು ನಮ್ಮ ಧರ್ಮಾಧ್ಯಕ್ಷರುಗಳು ಪರಿಶೀಲಿಸಿ ಒಪ್ಪಿ, ಅದರ ಕಥೋಲಿಕ ಆವೃತ್ತಿಯು 2018ರಲ್ಲಿ ಬೆಂಗಳೂರಿನಿಂದಲೇ ಪ್ರಕಟವಾಯಿತು. 2020ರಿಂದ ಭಾರತದಲ್ಲಿ ಇಂಗ್ಲಿಷ್ ಬಲಿಪೂಜೆಯ ವಾಚನಗಳು ಅದರಿಂದಲೇ. ಅದರಲ್ಲಿ ‘ಕನ್ಯೆ’ ಎಂದೇ ಇದೆ. ಅಂದರೆ ನಮ್ಮ ಪೀಠದ ಮೇಲೆ ಬೀಗರ ಕಡೆಯವರ ಬೈಬಲು!

ಹಾಗಾದರೆ ಉಪದೇಶಿಗಳು ಹಳ್ಳಿ ಹಳ್ಳಿಗೆ ಹೋಗಿ ಹೇಳಿದ್ದು ಏನಾಯಿತು? ಅವರು ಹೇಳಿದ್ದು ಯೇಸುಸ್ವಾಮಿ ಕನ್ಯೆಯಾದ ಮರಿಯಮ್ಮನಲ್ಲಿ ಪವಿತ್ರಾತ್ಮರ ಪ್ರಭಾವದಿಂದ ಜನಿಸಿದರೆಂದು. ಈ ವಿಶ್ವಾಸವು ಯೆಶಾಯನ ಒಂದು ಪದದ ಮೇಲೆ ನಿಂತಿಲ್ಲ. ಸಂತ ಲೂಕನು ಗಬ್ರಿಯೇಲನ ಭೇಟಿಯನ್ನು ವಿವರಿಸುವಾಗ ಯೆಶಾಯನ ಹೆಸರೆತ್ತದೆಯೇ ಮರಿಯಳನ್ನು ಕನ್ಯೆ ಎಂದು ಕರೆದಿದ್ದಾನೆ. ಮತ್ತಾಯನಾದರೂ ಯೆಶಾಯನನ್ನು ಓದಿ ಆ ಮೇಲೆ ಕಥೆ ಕಟ್ಟಿದವನಲ್ಲ. ಅಂದಿನ ಯೆಹೂದ್ಯರು ಈ ವಚನದಿಂದ ಕನ್ಯೆಯಲ್ಲಿ ಹುಟ್ಟುವ ಮೆಸ್ಸೀಯನನ್ನು ಎದುರು ನೋಡುತ್ತಿದ್ದರು ಎಂಬುದಕ್ಕೆ ಆಧಾರವಿಲ್ಲ. ಪ್ರೇಷಿತರಿಂದ ಬಂದ ಸಾಕ್ಷ್ಯ ಅವನ ಕೈಯಲ್ಲಿ ಮೊದಲೇ ಇದ್ದಿತು. ಆ ಬೆಳಕನ್ನು ಹಿಡಿದು ಹಿಂದಿರುಗಿ ನೋಡಿದಾಗ ಕೆರೆಯ ಬದಿಯ ಆ ಹಳೆಯ ಮಾತು ಬೆಳಗಿತು. ಆದುದರಿಂದ, ಅಲ್ಮಾ ಎಂದರೆ ಯುವತಿ ಎಂದು ನಾಳೆ ಎಲ್ಲ ಬೈಬಲುಗಳಲ್ಲಿ ಅಚ್ಚಾದರೂ ಅವರು ಕಲಿಸಿದ ಜ್ಞಾನೋಪದೇಶದಲ್ಲಿ ಒಂದು ಅಕ್ಷರವನ್ನೂ ತಿದ್ದಬೇಕಾಗಿಲ್ಲ. ಇದನ್ನು ಅಂದು ಮೋಟಾರ್ ಸೈಕಲ್ಲಿನಿಂದ ಇಳಿದು ಐದು ನಿಮಿಷದಲ್ಲಿ ಹೇಳಬಹುದಾಗಿತ್ತು.

ಇನ್ನೊಂದು ಮಾತು ಬಾಕಿಯಿದೆ. ಇದೇ ಅಧ್ಯಾಯದ ಒಂಬತ್ತನೆಯ ವಚನದಲ್ಲಿ ಯೆಶಾಯನು ಆಹಾಜನಿಗೆ ಹೀಬ್ರೂ ಭಾಷೆಯಲ್ಲಿ ಒಂದೇ ಧಾತುವಿನಿಂದ ಎರಡು ಪದ ಹೆಣೆದು, ನಂಬದಿದ್ದರೆ ನೆಲೆ ನಿಲ್ಲಲಾರೆ ಎಂದಿದ್ದಾನೆ. ಕನ್ನಡದಲ್ಲಿ ನಂಬದವನಿಗೆ ಇಂಬಿಲ್ಲ ಎಂದರೆ ಆ ನಾದ ಸ್ವಲ್ಪಮಟ್ಟಿಗೆ ಬಂದೀತು. ಗ್ರೀಕ್ ಅನುವಾದದಲ್ಲಿ ಇದು ಬದಲಾಗಿ, ನಂಬದಿದ್ದರೆ ಅರಿಯಲಾರೆ ಎಂದಾಗಿದೆ. ಯಾವುದು ಸರಿ? ಸಂತ ಅಗಸ್ತೀನರು ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಎರಡರಿಂದಲೂ ಓದುಗನಿಗೆ ಲಾಭವಿದೆ ಎಂದು ತೋರಿಸಿದ್ದಾರೆ. ಹದಿನಾರು ಶತಮಾನಗಳ ಹಿಂದೆ ಅಷ್ಟು ದೊಡ್ಡ ಧರ್ಮಾಧ್ಯಕ್ಷರು ಎರಡು ಅನುವಾದಗಳನ್ನು ಎರಡು ಕೈಯಲ್ಲಿ ಹಿಡಿದು ನೆಮ್ಮದಿಯಿಂದಿದ್ದರು. ಹದಿನಾಲ್ಕನೆಯ ವಚನದ ಒಂದು ಪದಕ್ಕಾಗಿ ಬಡಿದಾಡಿದ ನಾವೆಲ್ಲರೂ ಒಂಬತ್ತನೆಯ ವಚನವನ್ನು ಎಷ್ಟು ಸಲ ಓದಿದ್ದೇವೆ?

ಉಪದೇಶಿಗಳ ಮನೆಯವರೂ ಹುಬ್ಬಳ್ಳಿಯ ಬೀಗರೂ ಇಂದು ಈ ಸಭೆಯಲ್ಲಿ ಒಂದೇ ಸಾಲಿನಲ್ಲಿ ಕುಳಿತಿರುವುದನ್ನು ಇಲ್ಲಿಂದ ಕಾಣುತ್ತಿದ್ದೇವೆ. ಬರುವ ಮಂಗಳವಾರ್ತೆಯ ಹಬ್ಬಕ್ಕೆ ಯೆಶಾಯನ ವಾಚನ ಓದುವ ಸರದಿ ಉಪದೇಶಿಗಳ ಮೊಮ್ಮಗಳದು. ಬೀಗರನ್ನೂ ಆ ದಿನ ಕರೆದಿದ್ದೇವೆ, ಬರುತ್ತೇವೆಂದು ಒಪ್ಪಿದ್ದಾರೆ.

ಹೊರಗೆ ಚಹ ಸಿದ್ಧವಾಗಿದೆ. ಪ್ರಶ್ನೆಗಳಿದ್ದವರು ಚಹ ಕುಡಿದು ಒಳಗೆ ಬನ್ನಿರಿ. ನಾವು ಇಲ್ಲಿಯೇ ಕುಳಿತಿರುತ್ತೇವೆ. ಇಂದು ಬೇರೆ ಊರಿಗೆ ಹೋಗುವುದಿಲ್ಲ.